ಸಾಂಟಾ ಬಂದ, ಫಿನ್‌ಲೆಂಡ್ ಹೋಯ್ತಾ? ಬ್ರೆಜಿಲ್‌ನ ಬೆಟ್ಟದೂರೊಂದರ ಪೇಚು

ಡಿಸೆಂಬರ್ ತಿಂಗಳು. ಬ್ರೆಜಿಲ್‌ನಲ್ಲಿ ಅದು ಬೇಸಿಗೆ. ಮಧ್ಯಾಹ್ನದ ಸೆಖೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಕೆಂಪು ಕೋಟು, ಬಿಳಿ ಗಡ್ಡ, ಕಪ್ಪು ಬೂಟು ಹಾಕಿಕೊಂಡ ಸಾಂಟಾ ಕ್ಲಾಸ್ ಒಬ್ಬ ಮಕ್ಕಳನ್ನು ಮಾತಾಡಿಸುತ್ತಾ ಕೂತಿರುತ್ತಾನೆ. ಸುತ್ತ ಗೊಂಬೆಮನೆಗಳಂಥ ಬಣ್ಣಬಣ್ಣದ ಅಂಗಡಿಗಳು. ಅದರಾಚೆ ದಟ್ಟ ಹಸಿರು ಕಾಡು. ಈ ಅಂಗಡಿಸಾಲಿನ ಹೆಸರು 'ಪೆಕೆನಾ ಫಿನ್ಲಾಂಡಿಯಾ'. ಅಂದರೆ ಪುಟ್ಟ ಫಿನ್‌ಲೆಂಡ್. ಊರಿನ ಹೆಸರು ಪೆನೆಡೊ.

ರಿಯೊ ಡಿ ಜನೈರೊ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಮಾಂಟಿಕೇರಾ ಬೆಟ್ಟಸಾಲಿನ ಇಳಿಜಾರಿನಲ್ಲಿ ಈ ಊರಿದೆ. ಇತಾತಿಯಾಯಾ ಪುರಸಭೆಗೆ ಸೇರಿದ್ದು. ಇಡೀ ಪುರಸಭೆಯ ಜನಸಂಖ್ಯೆಯೇ ಸುಮಾರು 30 ಸಾವಿರ. ಕೆಳಗೆ ಕಣಿವೆಯಲ್ಲಿ ರಿಯೊ ಮತ್ತು ಸಾವೊ ಪಾವ್ಲೊ ನಡುವಿನ ಹೆದ್ದಾರಿ. ವಾರದ ಕೊನೆ ಬಂತೆಂದರೆ ಎರಡೂ ಮಹಾನಗರಗಳ ಕಾರುಗಳು ಇಲ್ಲಿಗೆ ಬರುತ್ತವೆ. ಬಂದವರು ಚಾಕೊಲೇಟ್ ಕೊಳ್ಳುತ್ತಾರೆ, ಟ್ರೌಟ್ ಮೀನು ತಿನ್ನುತ್ತಾರೆ, ಸಾಂಟಾ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. 'ಫಿನ್‌ಲೆಂಡ್ ನೋಡಿ ಬಂದ್ವಿ' ಅಂತ ಹೊರಡುತ್ತಾರೆ.

ತಮಾಷೆ ಏನೆಂದರೆ, 1929ರಲ್ಲಿ ಇಲ್ಲಿ ನೆಲೆಯೂರಿದ ಫಿನ್ನರು ಇದರಲ್ಲಿ ಒಂದನ್ನೂ ತಂದಿರಲಿಲ್ಲ. ಅವರು ಸಸ್ಯಾಹಾರಿಗಳು. ಹೆಂಡ ಇಲ್ಲ, ಹೊಗೆಸೊಪ್ಪು ಇಲ್ಲ, ಕಾಫಿ ಕೂಡ ಇಲ್ಲ. ಇನ್ನು ಸಾಂಟಾನ ಹೆಸರಲ್ಲಿ ಪ್ರವಾಸಿಗಳನ್ನು ಕರೆಯುವ ಯೋಚನೆ ಆಗ ಫಿನ್‌ಲೆಂಡ್‌ಗೇ ಬಂದಿರಲಿಲ್ಲ.

2029ಕ್ಕೆ ಈ ನೆಲೆಗೆ ನೂರು ವರ್ಷ ತುಂಬುತ್ತದೆ. ಆಗ ಯಾವ ಫಿನ್‌ಲೆಂಡನ್ನು ಮೆರವಣಿಗೆ ಮಾಡುವುದು? ಫಿನ್ನಿಶ್ ವಂಶದವರು ಊರಿನಲ್ಲಿ ಈಗ ತೀರಾ ಕಡಿಮೆ. ಆ ಭಾಷೆ ಮಾತಾಡುವವರು ಇನ್ನೂ ಕಡಿಮೆ. ಫಿನ್‌ಲೆಂಡಿನ ಹೆಸರು ಹೊತ್ತ ಬೋರ್ಡುಗಳು ಮಾತ್ರ ಜಾಸ್ತಿ. ವಲಸೆ ಬಂದವರ ಪರಂಪರೆ ಊರಿನ ಅನ್ನವಾದಾಗ ಆ ಪರಂಪರೆಗೆ ಏನಾಗುತ್ತದೆ ಎಂಬುದನ್ನು ನೋಡಲು ಇಷ್ಟು ಸ್ಪಷ್ಟವಾದ ಜಾಗ ಇನ್ನೊಂದು ಸಿಗುವುದು ಕಷ್ಟ.

ಹೊಸಬಂಡೆ ಎಂಬ ಮನುಷ್ಯ

ಇದನ್ನೆಲ್ಲ ಶುರು ಮಾಡಿದವನ ಹೆಸರು ತೊಯ್ವೊ ಊಸ್ಕಲ್ಲಿಯೊ. ಫಿನ್ನಿಶ್‌ನಲ್ಲಿ 'ತೊಯ್ವೊ' ಅಂದರೆ ಭರವಸೆ. 'ಊಸ್' ಅಂದರೆ ಹೊಸದು, 'ಕಲ್ಲಿಯೊ' ಅಂದರೆ ಬಂಡೆ. ಪೋರ್ಚುಗೀಸ್‌ನಲ್ಲಿ 'ಪೆನೆಡೊ' ಅಂದರೂ ಬಂಡೆಯೇ. 'ಇತಾತಿಯಾಯಾ' ಎಂಬುದು ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯ ಮಾತು, ಅದಕ್ಕೂ ಮೊನಚು ಮೊನಚಾದ ಕಲ್ಲು ಎಂಬ ಅರ್ಥ ಹೇಳುತ್ತಾರೆ. ಭರವಸೆಯ ಹೊಸಬಂಡೆ ಬಂದು ಮೊನಚು ಬಂಡೆಯ ಸೀಮೆಯಲ್ಲಿ ಬಂಡೆ ಎಂಬ ಜಮೀನು ಕೊಂಡ! ಕಥೆಗಾರ ಯಾರಾದರೂ ಹೀಗೆ ಬರೆದಿದ್ದರೆ 'ಸ್ವಲ್ಪ ಅತಿಯಾಯ್ತು' ಅಂತಿದ್ದೆವು, ಅಲ್ವಾ?

ಊಸ್ಕಲ್ಲಿಯೊ ತೋಟಗಾರಿಕೆ ಬಲ್ಲವನು. ಜೊತೆಗೆ ದೈವಭಕ್ತ. ದಕ್ಷಿಣಕ್ಕೆ ಹೋಗು ಎಂಬ ಕರೆ ತನಗೆ ಬಂತೆಂದು ನಂಬಿದವನು. ಬಿಸಿಲಿನ ನಾಡಿನಲ್ಲಿ ಹಣ್ಣು-ಸೊಪ್ಪು ತಿಂದುಕೊಂಡು, ಮೈಮುರಿದು ದುಡಿದುಕೊಂಡು, ಪ್ರಕೃತಿಗೆ ಹತ್ತಿರವಾಗಿ ಬದುಕಬೇಕು ಎಂಬುದು ಅವನ ಕನಸು. ನಮ್ಮ ಕಡೆ ಹೇಳುವುದಾದರೆ ಒಂದು ಆಶ್ರಮ. 1927ರಲ್ಲಿ ಹೆಂಡತಿ ಲೀಸಾ ಮತ್ತು ಕೆಲವೇ ಸಂಗಡಿಗರ ಜೊತೆ ಬ್ರೆಜಿಲ್‌ಗೆ ಬಂದಿಳಿದ. ಎರಡು ವರ್ಷ ಹುಡುಕಾಡಿ, 1929ರಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠಕ್ಕೆ ಸೇರಿದ್ದ ಪೆನೆಡೊ ಜಮೀನನ್ನು ಕೊಂಡ. ಆಮೇಲೆ ಹಡಗು ಹಡಗಿನಲ್ಲಿ ಜನ ಬರತೊಡಗಿದರು. ಎಲ್ಲ ಸೇರಿ ಸುಮಾರು 300 ಫಿನ್ನರು ಈ ಕನಸನ್ನು ಹಿಡಿದು ಬಂದರು ಎಂಬುದು ಲೆಕ್ಕ. ಒಂದೇ ಸಲಕ್ಕೆ ಅಲ್ಲ, ವರ್ಷಗಳ ಉದ್ದಕ್ಕೆ.

ಇವರನ್ನು ಹುಚ್ಚರು ಅನ್ನುವ ಮೊದಲು ಅವರ ಊರಿನ ಸ್ಥಿತಿ ನೋಡಬೇಕು. ಫಿನ್‌ಲೆಂಡ್ ಸ್ವತಂತ್ರವಾದದ್ದು 1917ರ ಡಿಸೆಂಬರ್ 6ರಂದು. ಮರುವರ್ಷವೇ ಎಡಪಂಥೀಯ ಕೆಂಪು ಪಡೆ ಮತ್ತು ಅದರ ವಿರೋಧಿ ಬಿಳಿ ಪಡೆಯ ನಡುವೆ ಅಂತರ್ಯುದ್ಧ. ಪುಟ್ಟ ದೇಶದಲ್ಲಿ 36 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅಮೆರಿಕಕ್ಕೆ ಹೋಗೋಣ ಅಂದರೆ 1924ರ ಕಾನೂನು ವಲಸೆಗೆ ಬಿಗಿ ಹಾಕಿತ್ತು. ಹೊಸ ಸಮಾಜ ಕಟ್ಟುವ ಕನಸಂತೂ ಫಿನ್ನರಿಗೆ ಹೊಸದಲ್ಲ. 1901ರಲ್ಲೇ ಕೆನಡಾದ ಪಶ್ಚಿಮ ಕರಾವಳಿಯ ದ್ವೀಪವೊಂದರಲ್ಲಿ ಮಟ್ಟಿ ಕುರಿಕ್ಕಾ ಎಂಬ ಸಮಾಜವಾದಿಯ ಹಿಂದೆ ಹೋದವರು ಸೊಯಿಂಟುಲಾ ಎಂಬ ಊರು ಕಟ್ಟಿದ್ದರು. 1906ರಲ್ಲಿ ಅರ್ಜೆಂಟೀನಾದ ಮಿಸಿಯೊನೆಸ್‌ನಲ್ಲಿ ಇನ್ನೊಂದು ನೆಲೆ ಎದ್ದಿತ್ತು. ಆ ಸಾಲಿನಲ್ಲಿ ಪೆನೆಡೊ ಕೊನೆಯ ಕೂಸುಗಳಲ್ಲಿ ಒಂದು. ಮದ್ಯ ನಿಷೇಧವೂ ಅಂಥ ವಿಚಿತ್ರವೇನಲ್ಲ. 1919ರಿಂದ 1932ರವರೆಗೆ ಫಿನ್‌ಲೆಂಡ್‌ನಲ್ಲೇ ಮದ್ಯಕ್ಕೆ ನಿಷೇಧ ಇತ್ತು.

ಸತ್ತ ಮಣ್ಣು

ಕನಸು ಮುಗ್ಗರಿಸಿದ್ದು ಮಣ್ಣಿನಲ್ಲಿ. ಪೆನೆಡೊ ಇರುವುದು ಪರಾಯಿಬಾ ನದಿಯ ಕಣಿವೆಯ ಬದಿಯಲ್ಲಿ. 19ನೇ ಶತಮಾನದಲ್ಲಿ ಜಗತ್ತಿನ ಕಾಫಿಯ ದೊಡ್ಡ ಪಾಲು ಈ ಕಣಿವೆಯಿಂದಲೇ ಹೋಗುತ್ತಿತ್ತು. ಕೊಡಗು, ಚಿಕ್ಕಮಗಳೂರಿನ ತೋಟ ನೋಡಿದವರು ಇಲ್ಲಿ ಕಣ್ಣ ಮುಂದೆ ಬೇರೆಯೇ ಚಿತ್ರ ತಂದುಕೊಳ್ಳಬೇಕು. ನಮ್ಮಲ್ಲಿ ಕಾಫಿಗೆ ಮರದ ನೆರಳು ಬೇಕು. ಅಲ್ಲಿ ಕಾಡನ್ನು ಪೂರ್ತಿ ಸುಟ್ಟು, ಬೋಳು ಗುಡ್ಡದ ಮೇಲೆ ಬಿಸಿಲಿಗೆ ಗಿಡ ನೆಟ್ಟರು. ಸಾಲುಗಳು ಗುಡ್ಡಕ್ಕೆ ಅಡ್ಡಡ್ಡವಾಗಿ ಇರಲಿಲ್ಲ. ಬುಡದಿಂದ ನೆತ್ತಿಗೆ ನೆಟ್ಟಗೆ ಏರುತ್ತಿದ್ದವು. ಕೆಳಗೆ ನಿಂತ ಮೇಸ್ತ್ರಿಗೆ ಗುಲಾಮರು ಎಲ್ಲಿದ್ದಾರೆ ಎಂದು ಒಂದೇ ನೋಟಕ್ಕೆ ಕಾಣಬೇಕಿತ್ತು. ಮಳೆ ನೀರಿಗೂ ಅದು ರಾಜಮಾರ್ಗವಾಯಿತು. ಮೇಲ್ಮಣ್ಣೆಲ್ಲ ಹೊಳೆ ಪಾಲು. 1888ರ ಮೇ 13ರಂದು ಗುಲಾಮಗಿರಿ ರದ್ದಾಗುವ ಹೊತ್ತಿಗೆ ಕಣಿವೆಯ ಕಾಫಿ ಸೊರಗಿ ಹೋಗಿತ್ತು. ಕಾಫಿ ಸಾವೊ ಪಾವ್ಲೊ ಕಡೆ ಹೊಸ ಮಣ್ಣು ಹುಡುಕಿಕೊಂಡು ಹೋಯಿತು. ಉಳಿದದ್ದು ಹುಲ್ಲುಗಾವಲು, ಒಂದಿಷ್ಟು ದನ, ಹಳೆಯ ದೊಡ್ಡಮನೆಗಳು.

ಅಂಥದ್ದೊಂದು ದೊಡ್ಡಮನೆಯಲ್ಲೇ ನಮ್ಮ ಫಿನ್ನರು ಮೊದಲು ಒಟ್ಟಾಗಿ ಬಿಡಾರ ಹೂಡಿದ್ದು. ಒಂದೇ ಅಡುಗೆಮನೆ, ಒಟ್ಟಿಗೆ ಊಟ, ಒಟ್ಟಿಗೆ ಕೆಲಸ. ಕಾಫಿಯಿಂದ ಕಟ್ಟಿದ ಕಣಿವೆಯಲ್ಲಿ ಕಾಫಿ ಕುಡಿಯದ ಜನ! ಕಿತ್ತಳೆ ಮತ್ತಿತರ ಹಣ್ಣು ಬೆಳೆದು ಬದುಕುವ ಲೆಕ್ಕ ಅವರದು. ಆದರೆ ಮಣ್ಣಿನಲ್ಲಿ ಸತ್ವವೇ ಇರಲಿಲ್ಲ. ಜೊತೆಗೆ ಎಲೆ ಕತ್ತರಿಸುವ ಸಾಉವಾ ಇರುವೆ. ಒಂದು ರಾತ್ರಿಯಲ್ಲಿ ಎಳೆಗಿಡವನ್ನು ಬೋಳು ಮಾಡಿಬಿಡುವ ಜಾತಿ. 'ಬ್ರೆಜಿಲ್ ಸಾಉವಾವನ್ನು ಮುಗಿಸಬೇಕು, ಇಲ್ಲಾಂದ್ರೆ ಸಾಉವಾ ಬ್ರೆಜಿಲನ್ನು ಮುಗಿಸುತ್ತೆ' ಎಂಬ ಹಳೇ ಮಾತೇ ಆ ದೇಶದಲ್ಲಿದೆ. ಹೊಲ ಕೈಹಿಡಿಯಲಿಲ್ಲ, ತಂದ ಉಳಿತಾಯ ಕರಗಿತು. ನಿಯಮಗಳ ಮೇಲೂ ಜಗಳ ಬಂತು. ಕೆಲವರು ಫಿನ್‌ಲೆಂಡ್‌ಗೆ ವಾಪಸ್ ಹೋದರು. ಕೆಲವರು ರಿಯೊ, ಸಾವೊ ಪಾವ್ಲೊ ಸೇರಿದರು. 1940ರ ದಶಕದ ಮೊದಲ ವರ್ಷಗಳಲ್ಲಿ ಜಮೀನಿನ ದೊಡ್ಡ ಭಾಗ ಪರರ ಪಾಲಾಯಿತು. ಆಶ್ರಮ ಅಲ್ಲಿಗೆ ಮುಗಿಯಿತು.

ಊರು ಮಾತ್ರ ಮುಗಿಯಲಿಲ್ಲ. ಉಳಿದ ಮನೆಗಳವರು ಹೊಟ್ಟೆಪಾಡಿಗೆ ಅತಿಥಿಗಳನ್ನು ಇಟ್ಟುಕೊಳ್ಳಲು ಶುರು ಮಾಡಿದರು. ಈಗ ನಾವು ಹೋಂಸ್ಟೇ ಅಂತೀವಲ್ಲ, ಅದೇ. ಖಾಲಿ ಕೋಣೆ, ಮನೆ ಊಟ, ಹೊಳೆಯಲ್ಲಿ ಈಜು. ಹೆಂಗಸರು ಮಗ್ಗದಲ್ಲಿ ನೇಯ್ದ ಬಟ್ಟೆ ಮಾರಾಟಕ್ಕೆ. ಮತ್ತೆ, ಎಲ್ಲಕ್ಕಿಂತ ಮುಖ್ಯವಾಗಿ, ಸೌನಾ.

ಒಂದು ಸೌಟು ನೀರು

ಸೌನಾ ಅಂದರೆ ಸುಮ್ನೆ ಹಬೆ ಸ್ನಾನ ಅಂದುಕೊಂಡರೆ ಫಿನ್ನರು ಮುನಿಸಿಕೊಳ್ಳುತ್ತಾರೆ. ಚಿಕ್ಕ ಮರದ ಕೋಣೆ. ಮೂಲೆಯಲ್ಲಿ ಸೌದೆ ಒಲೆ, ಅದರ ಮೇಲೆ ಕಲ್ಲುಗಳ ರಾಶಿ. ಒಲೆಯ ಹೆಸರು 'ಕಿಯುವಾಸ್'. ಗಂಟೆಗಟ್ಟಲೆ ಉರಿಸಿದ ಮೇಲೆ ಕಲ್ಲು ಕಾದು ಕೂತಿರುತ್ತದೆ. ಮೇಲಿನ ಹಲಗೆಯ ಮೇಲೆ ಮೈಬಿಟ್ಟು ಕೂರಬೇಕು. ಬಕೆಟ್ಟಿನಿಂದ ಒಂದು ಸೌಟು ನೀರು ಕಲ್ಲಿನ ಮೇಲೆ. ಚುಂಯ್! ಕ್ಷಣದಲ್ಲಿ ಕಿವಿಯ ತುದಿ ಸುಡುವಂಥ ಹಬೆ ತಲೆಯಿಂದ ಬೆನ್ನಿಗೆ ಇಳಿಯುತ್ತದೆ. ಆ ಹಬೆಗೆ 'ಲೊಯ್ಲು' ಎಂಬ ಬೇರೆಯೇ ಹೆಸರು. ಆ ಮಾತಿಗೆ ಹಿಂದೆ ಉಸಿರು, ಜೀವ ಎಂಬ ಅರ್ಥ ಇತ್ತು. ಬರ್ಚ್ ಮರದ ಎಲೆಗಳ ಕಟ್ಟಿನಿಂದ ಮೈಗೆ ಮೆಲ್ಲಗೆ ಬಡಿದುಕೊಳ್ಳುವುದು ವಾಡಿಕೆ. ಆಮೇಲೆ ಓಡಿಹೋಗಿ ತಣ್ಣೀರಿಗೆ ಬೀಳುವುದು.

ಬ್ರೆಜಿಲ್‌ನ ಕಾಡಿನಲ್ಲಿ ಬರ್ಚ್ ಎಲ್ಲಿಂದ ಬರಬೇಕು? ಅಲ್ಲಿನ ಸೌನಾಗಳಲ್ಲಿ ಇವತ್ತು ಮೂಗಿಗೆ ಬಡಿಯುವುದು ನೀಲಗಿರಿ ಎಲೆಯ ವಾಸನೆ. ನೀಲಗಿರಿಯೂ ಆ ನೆಲದ ಮರ ಅಲ್ಲ, ಆಸ್ಟ್ರೇಲಿಯಾದ್ದು. ಹೆಪ್ಪುಗಟ್ಟಿದ ಕೆರೆಯ ಬದಲು ಬೆಟ್ಟದ ಹೊಳೆ. ನನ್ನ ಲೆಕ್ಕದಲ್ಲಿ ಪೆನೆಡೊದ ನಿಜವಾದ ಪರಂಪರೆ ಈ ಹೊಂದಾಣಿಕೆ. ಸೌನಾ ಕಟ್ಟಿದ ಕೈ ಫಿನ್‌ಲೆಂಡಿನದು. ಸೌದೆ, ಎಲೆ, ನೀರು ಇಲ್ಲಿಯವು. ಬ್ರೆಜಿಲ್‌ನ ಮೊದಲ ಸೌನಾ ಕಟ್ಟಿದ್ದು ತಮ್ಮೂರಲ್ಲೇ ಎಂದು ಪೆನೆಡೊದವರು ಹೇಳಿಕೊಳ್ಳುತ್ತಾರೆ. ಆ ಹೆಮ್ಮೆ ತಪ್ಪಲ್ಲ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದ ಸಂಜೆ ಬಚ್ಚಲ ಒಲೆಗೆ ಸೌದೆ ಒಟ್ಟಿ, ಹಂಡೆ ನೀರು ಕಾಯಿಸಿ, ಹೊಗೆ-ಹಬೆಯ ನಡುವೆ ಮೀಯುವ ಸುಖ ಗೊತ್ತಿದ್ದವರಿಗೆ ಅರ್ಧ ಸೌನಾ ಆಗಲೇ ಗೊತ್ತು.

ಅತಿಥಿಗಳು ಬರಲು ಒಂದು ರಸ್ತೆಯೂ ಬೇಕಿತ್ತು. 1951ರ ಜನವರಿಯಲ್ಲಿ ರಿಯೊ–ಸಾವೊ ಪಾವ್ಲೊ ನಡುವಿನ ಹೊಸ ಹೆದ್ದಾರಿ, ವಿಯಾ ದುತ್ರಾ, ತೆರೆಯಿತು. ಅದಕ್ಕೂ ಮೊದಲೇ, 1937ರಲ್ಲಿ, ಪಕ್ಕದ ಬೆಟ್ಟ ಬ್ರೆಜಿಲ್‌ನ ಮೊದಲ ರಾಷ್ಟ್ರೀಯ ಉದ್ಯಾನವಾಗಿತ್ತು. ಅದರ ನೆತ್ತಿಯಲ್ಲಿರುವ ಆಗುಲ್ಯಾಸ್ ನೆಗ್ರಾಸ್ ಶಿಖರದ ಎತ್ತರ 2,791 ಮೀಟರ್. ಒಂದು ಕಡೆ ಕಾಡು, ಇನ್ನೊಂದು ಕಡೆ ಹೆದ್ದಾರಿ, ನಡುವೆ ಬಿಸಿ ಸೌನಾ ಮತ್ತು ಮನೆ ರೊಟ್ಟಿ. ವ್ಯಾಪಾರ ಕುದುರದೇ ಇರುತ್ತದೆಯೇ?

ಹೋತದ ವೇಷ, ಕೆಂಪು ಕೋಟು

ಸಾಂಟಾ ಬಂದದ್ದು ಬಹಳ ತಡವಾಗಿ. ಅವನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 'ಇದು ಅಸಲಿ ಅಲ್ಲ' ಎಂದು ಪೆನೆಡೊವನ್ನು ಹಂಗಿಸುವವರು ಎಡವುವುದು ಇಲ್ಲೇ.

ಫಿನ್ನಿಶ್‌ನಲ್ಲಿ ಸಾಂಟಾನ ಹೆಸರು 'ಯೋಲುಪುಕ್ಕಿ'. ಅಂದರೆ ಕ್ರಿಸ್‌ಮಸ್ ಹೋತ. ಹಿಂದೆ ಚಳಿಗಾಲದಲ್ಲಿ ಗಂಡಸರು ಹೋತದ ವೇಷ ಹಾಕಿ, ತುಪ್ಪಳ ಹೊದ್ದು, ಮನೆ ಮನೆಗೆ ಹೋಗಿ ಉಳಿದ ತಿಂಡಿ, ಕುಡಿತ ಕೇಳುತ್ತಿದ್ದರು. ಮಕ್ಕಳಿಗೆ ಭಯ ಹುಟ್ಟಿಸುವ ವೇಷ ಅದು. ಉಡುಗೊರೆ ಕೊಡುವವನಲ್ಲ, ಕೇಳಿಕೊಂಡು ಬರುವವನು. ನಗುಮುಖದ ಕೆಂಪು ಕೋಟಿನ ಅಜ್ಜ ಹೊರಗಿನಿಂದ ಬಂದು ಹೋತದ ಹೆಸರನ್ನು ಹಾಕಿಕೊಂಡ, ಅಷ್ಟೇ.

ಅವನಿಗೆ ವಿಳಾಸ ಕೊಟ್ಟದ್ದು ರೇಡಿಯೊ. 'ಮಾರ್ಕುಸ್ ಚಿಕ್ಕಪ್ಪ' ಎಂದೇ ಹೆಸರಾಗಿದ್ದ ಮಾರ್ಕುಸ್ ರೌಟಿಯೊ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ. ಸಾಂಟಾ ಇರುವುದು ಫಿನ್‌ಲೆಂಡಿನ ಉತ್ತರದ ತುದಿಯ ಲ್ಯಾಪ್‌ಲೆಂಡಿನ ಕೊರ್ವತುಂತುರಿ ಬೆಟ್ಟದಲ್ಲಿ ಎಂದು ಅವನು ಹೇಳಿದ್ದು 1927ರಲ್ಲಿ. ಅದೇ ವರ್ಷ ಊಸ್ಕಲ್ಲಿಯೊ ಬ್ರೆಜಿಲ್ ತಲುಪಿದ್ದ! ಹಾಗಾಗಿ ಪೆನೆಡೊದ ಮೊದಲ ಫಿನ್ನರು ಊರು ಬಿಡುವಾಗ ಸಾಂಟಾಗೆ ಮನೆ ನಂಬರೇ ಸರಿಯಾಗಿ ಸಿಕ್ಕಿರಲಿಲ್ಲ ಎನ್ನಬಹುದು.

ಇವತ್ತು 'ಸಾಂಟಾನ ಅಧಿಕೃತ ತವರು' ಅನ್ನಿಸಿಕೊಂಡಿರುವ ರೊವಾನಿಯೆಮಿ ಪಟ್ಟಣದ ಕಥೆ ಇನ್ನೂ ಹೊಸದು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಆ ಊರನ್ನು ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ಯುದ್ಧದ ನಂತರ ವಾಸ್ತುಶಿಲ್ಪಿ ಆಲ್ವರ್ ಆಲ್ಟೊ ಹೊಸ ನಕ್ಷೆ ಬರೆದ. 1950ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬರುತ್ತಾರೆ ಎಂದು ಆರ್ಕ್ಟಿಕ್ ವೃತ್ತದ ಹತ್ತಿರ ಅವಸರದಲ್ಲಿ ಒಂದು ಮರದ ಗುಡಿಸಲು ಕಟ್ಟಿದರು. ಅದರ ಸುತ್ತಲೇ ಮುಂದೆ, 1985ರಲ್ಲಿ, ಸಾಂಟಾ ಹಳ್ಳಿ ಎದ್ದಿತು. ಅಂದರೆ ಅಸಲಿ ಫಿನ್‌ಲೆಂಡಿನ ಸಾಂಟಾ ಊರೂ ಪ್ರವಾಸಿಗಳಿಗಾಗಿಯೇ ಕಟ್ಟಿದ್ದು. ಪೆನೆಡೊದವರು ನಕಲು ಮಾಡಿದ್ದು ಹಳ್ಳಿಯ ಹಳೇ ಪದ್ಧತಿಯನ್ನಲ್ಲ. ಫಿನ್‌ಲೆಂಡ್ ತನ್ನನ್ನು ಮಾರಿಕೊಳ್ಳುವ ರೀತಿಯನ್ನು. ಪುಟ್ಟ ಫಿನ್‌ಲೆಂಡ್ ಅಂಗಡಿಸಾಲು, ಅದರೊಳಗಿನ ಸಾಂಟಾ ಮನೆ ಎರಡೂ ಆಮೇಲಿನ ಬೆಳೆ. 1929ರ ಬೇರಿಗೂ ಇವಕ್ಕೂ ನೇರ ಸಂಬಂಧವಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾಂಟಾ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳು ಖುಷಿಪಡುತ್ತಾರೆ, ಊರಿಗೆ ನಾಲ್ಕು ಕಾಸು ಬರುತ್ತದೆ. ತಕರಾರು ಇರುವುದು ಅವನ ಬೆನ್ನು ಉಳಿದದ್ದನ್ನೆಲ್ಲ ಮರೆಮಾಡುವುದಕ್ಕೆ.

ಯುರೋಪ್ ಯಾಕೆ ಮಾರಾಟವಾಗುತ್ತದೆ?

ಪೆನೆಡೊ ಒಂಟಿಯಲ್ಲ. ಬ್ರೆಜಿಲ್‌ನ ದಕ್ಷಿಣದ ಬ್ಲುಮೆನಾವ್‌ನಲ್ಲಿ ಜರ್ಮನ್ ಶೈಲಿಯ ಕಟ್ಟಡಗಳನ್ನು ಕಂಡು ಜನ ಬೆರಗಾಗುತ್ತಾರೆ. ಅವುಗಳಲ್ಲಿ ಎಷ್ಟೋ 1970ರ ದಶಕದಿಂದ ಈಚಿನವು. ಮುಂಭಾಗಕ್ಕೆ ಆ ವೇಷ ತೊಡಿಸಿದವರಿಗೆ ಪುರಸಭೆ ತೆರಿಗೆ ವಿನಾಯಿತಿ ಕೊಟ್ಟಿತ್ತು. ಅಲ್ಲಿನ ಹೆಸರಾಂತ ಬಿಯರ್ ಹಬ್ಬ ಶುರುವಾದದ್ದು 1984ರಲ್ಲಿ, ದೊಡ್ಡ ನೆರೆಯಿಂದ ಕಂಗೆಟ್ಟಿದ್ದ ಊರಿಗೆ ಚೇತರಿಕೆ ಕೊಡಲು. ಸಾವೊ ಪಾವ್ಲೊ ಕಡೆಯ ಕಾಂಪೊಸ್ ದೊ ಜೊರ್ದಾವೊ 'ಬ್ರೆಜಿಲ್‌ನ ಸ್ವಿಟ್ಜರ್ಲೆಂಡ್' ಎಂದು ಕರೆಸಿಕೊಳ್ಳುತ್ತದೆ. ಅದು ಸ್ವಿಸ್ ವಲಸಿಗರು ಕಟ್ಟಿದ ಊರೇ ಅಲ್ಲ. ಅದರ ಪಕ್ಕದಲ್ಲಿ ಇಟ್ಟರೆ ಪೆನೆಡೊ ಪ್ರಾಮಾಣಿಕ. ಇಲ್ಲಿ ಫಿನ್ನರಾದರೂ ನಿಜವಾಗಿ ಇದ್ದರು.

ಬೆಟ್ಟ, ತುಸು ಚಳಿ, ಒಲೆಯ ಬೆಂಕಿ, ಓರೆ ಮಾಡಿನ ಮನೆ. ಇಷ್ಟಿದ್ದರೆ ಬ್ರೆಜಿಲ್‌ನ ಮಧ್ಯಮ ವರ್ಗಕ್ಕೆ 'ಯುರೋಪ್' ಅನ್ನಿಸುತ್ತದೆ. ವಿಮಾನ ಟಿಕೆಟ್ ಇಲ್ಲದೆ ಮೂರು ಗಂಟೆ ಕಾರು ಓಡಿಸಿದರೆ ವಿದೇಶ. ಇದು ಬರೀ ರುಚಿಯ ಮಾತಲ್ಲ, ಇದರ ಹಿಂದೆ ಇತಿಹಾಸ ಇದೆ. ಗುಲಾಮಗಿರಿ ರದ್ದಾದ ಎರಡೇ ವರ್ಷಕ್ಕೆ, 1890ರಲ್ಲಿ, ಬ್ರೆಜಿಲ್ ಹೊಸ ವಲಸೆ ಕಾನೂನು ತಂದಿತು. ಯುರೋಪಿನವರಿಗೆ ಬಾಗಿಲು ತೆರೆದಿತ್ತು. ಆಫ್ರಿಕಾ, ಏಷ್ಯಾದವರು ಬರಬೇಕಾದರೆ ಸಂಸತ್ತಿನ ಅಪ್ಪಣೆ ಬೇಕು. ದೇಶವನ್ನು 'ಬೆಳ್ಳಗೆ' ಮಾಡುವ ಆಸೆ ಆಗಿನ ಆಳುವವರಲ್ಲಿ ಬಹಿರಂಗವಾಗಿಯೇ ಇತ್ತು. ಊಸ್ಕಲ್ಲಿಯೊಗೂ ಆ ಆಸೆಗೂ ಸಂಬಂಧ ಇರಲಿಲ್ಲ, ನಿಜ. ಆದರೆ ಯಾವ ವಲಸಿಗರ ನೆನಪು ಬಣ್ಣದ ಮನೆಯಾಗಿ ನಿಲ್ಲುತ್ತದೆ, ಯಾರದ್ದು ನಿಲ್ಲುವುದಿಲ್ಲ ಎಂಬುದನ್ನು ಆ ಹಳೇ ಲೆಕ್ಕ ಇಂದಿಗೂ ಸ್ವಲ್ಪ ಮಟ್ಟಿಗೆ ತೀರ್ಮಾನಿಸುತ್ತಿದೆ.

ಪೆನೆಡೊದ ಕಥೆಯನ್ನು ಎಲ್ಲರೂ 1929ರಿಂದ ಶುರು ಮಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ಆದರೆ ಆ ಕಣಿವೆಯಲ್ಲಿ ಮೊದಲು ಇದ್ದವರು ಪುರಿ ಎಂಬ ಮೂಲನಿವಾಸಿಗಳು. ಕಾಫಿ ಬಂದಾಗ ಅವರ ಕಾಡು ಹೋಯಿತು, ಅವರೂ ಚದುರಿದರು. ಆಮೇಲೆ ಆ ನೆಟ್ಟಗಿನ ಸಾಲುಗಳಲ್ಲಿ ಬೆನ್ನು ಬಗ್ಗಿಸಿದವರು ಆಫ್ರಿಕಾದಿಂದ ಹಿಡಿದು ತಂದ ಜನ ಮತ್ತು ಅವರ ಮಕ್ಕಳು. ಇವತ್ತು ಹೋಟೆಲುಗಳಲ್ಲಿ ಹಾಸಿಗೆ ಹಾಸುವವರು, ಅಡುಗೆ ಮಾಡುವವರು, ಸೌನಾಕ್ಕೆ ಸೌದೆ ಒಡೆಯುವವರು ಬಹುಪಾಲು ಸುತ್ತಲಿನ ಊರುಗಳ ಸಾಮಾನ್ಯ ಬ್ರೆಜಿಲಿಯನ್ನರು. ಪುಟ್ಟ ಫಿನ್‌ಲೆಂಡಿನಲ್ಲಿ ಇವರಿಗೆ ಕೆಲಸ ಇದೆ, ಕಥೆ ಇಲ್ಲ. ಮುನ್ನೂರು ಜನ, ಕೆಲವು ದಶಕಗಳು. ಅಷ್ಟಕ್ಕೆ ಇಡೀ ಊರಿನ ಹೆಸರು. ಇದನ್ನು ಫಿನ್ನರ ತಪ್ಪು ಅನ್ನುವ ಹಾಗಿಲ್ಲ. ಶತಮಾನದ ಫಲಕ ಬರೆಯುವವರಿಗಾದರೂ ಇದು ನೆನಪಿರಬೇಕು.

ಬೆಟ್ಟ ಎಷ್ಟು ಹೊರುತ್ತದೆ?

ಇದರ ಜೊತೆಗೆ ಜಾಗದ ಪ್ರಶ್ನೆ ಇದೆ. ಪೆನೆಡೊ ಅಗಲವಾದ ಬಯಲಲ್ಲ. ಹೊಳೆಯ ಎರಡೂ ಬದಿಗೆ ಹಬ್ಬಿದ ಕಿರಿದಾದ ಊರು. ಸುತ್ತಲಿನ ಬೆಟ್ಟಗಳಿಗೆ 1985ರಿಂದ ಪರಿಸರ ರಕ್ಷಣೆಯ ವಲಯ ಎಂಬ ಹೆಸರಿದೆ. ಅಂಥ ವಲಯದಲ್ಲಿ ಖಾಸಗಿ ಜಮೀನು ಇರಬಹುದು, ಷರತ್ತಿನ ಮೇಲೆ ಕಟ್ಟಬಹುದು. ಕೆಳಗಿನ ಕಣಿವೆಯಂತೂ ಕಾರ್ಖಾನೆಗಳ ಸೀಮೆ. ವೊಲ್ಟಾ ರೆಡೊಂಡಾದ ಉಕ್ಕಿನ ಕಾರ್ಖಾನೆ 1940ರ ದಶಕದ್ದು. 1990ರ ದಶಕದಲ್ಲಿ ಪಕ್ಕದ ರೆಜೆಂಡೆಗೆ ಲಾರಿ-ಬಸ್ ಕಾರ್ಖಾನೆ ಬಂತು, 2016ರಲ್ಲಿ ಇತಾತಿಯಾಯಾಗೆ ಕಾರು ಕಾರ್ಖಾನೆ. ಕೆಳಗೆ ಸಂಬಳದ ಜನ, ಮೇಲೆ ರಜೆಯ ಜನ. ಇಬ್ಬರಿಗೂ ಬೆಟ್ಟದ ತಪ್ಪಲಿನಲ್ಲಿ ಮನೆ ಬೇಕು.

ನೀರು ಇಲ್ಲಿ ಆಟ ಆಡಿಸುತ್ತದೆ. ಈ ಭಾಗದ ಹೊಳೆ, ಜಲಪಾತಗಳಲ್ಲಿ 'ಕಬೆಸಾ ದಾಗ್ವಾ' ಎಂಬ ಅಪಾಯ ಇದೆ. ಅಕ್ಷರಶಃ 'ನೀರಿನ ತಲೆ'. ನೀವು ಕೆಳಗೆ ಬಂಡೆಯ ಮೇಲೆ ಕಾಲು ಚಾಚಿ ಕೂತಿರುತ್ತೀರಿ. ಮೇಲೆ ಆಕಾಶ ನೀಲಿ. ಆದರೆ ದೂರದ ಬೆಟ್ಟದ ನೆತ್ತಿಯಲ್ಲಿ ಜೋರು ಮಳೆ ಬಿದ್ದಿರುತ್ತದೆ. ಮೊದಲು ನೀರಿನ ಬಣ್ಣ ಕದಡುತ್ತದೆ. ಒಂದೆರಡು ಎಲೆ, ಕಡ್ಡಿ ತೇಲಿಬರುತ್ತವೆ. ಹೊಳೆಯ ಸದ್ದು ತುಸು ದಪ್ಪವಾಗುತ್ತದೆ. ಗೊತ್ತಿದ್ದವರು ಅಷ್ಟರಲ್ಲಿ ಎದ್ದು ದಡ ಸೇರುತ್ತಾರೆ. ಮುಂದಿನ ಕೆಲವೇ ಕ್ಷಣಗಳಲ್ಲಿ ಗೋಡೆಯಂತೆ ನೀರು ಬರುತ್ತದೆ. ಊರಲ್ಲಿ ಹುಟ್ಟಿ ಬೆಳೆದವರಿಗೆ ಈ ಕಡ್ಡಿ-ಎಲೆಯ ಭಾಷೆ ಗೊತ್ತು. ಭಾನುವಾರಕ್ಕೆ ಬಂದು ಹೋಗುವವರಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ನನ್ನನ್ನು ಕೇಳಿದರೆ, ಸಾಂಟಾ ಮನೆಗೆ ದಾರಿ ತೋರಿಸುವ ಬೋರ್ಡಿನಷ್ಟೇ ದೊಡ್ಡದಾಗಿ ಇದರ ಬೋರ್ಡೂ ಇರಬೇಕು.

ಇದಕ್ಕೆ ಹೋಲಿಸಲು ಮತ್ತೆ ರೊವಾನಿಯೆಮಿಯನ್ನೇ ನೋಡಬಹುದು. ಸುಮಾರು 65 ಸಾವಿರ ಜನರ ಆ ಪಟ್ಟಣದಲ್ಲಿ 2023ರಲ್ಲಿ ಪ್ರವಾಸಿಗಳ ರಾತ್ರಿ ತಂಗುವಿಕೆ 12 ಲಕ್ಷ ಮುಟ್ಟಿತು. 2024ರಲ್ಲಿ ಸ್ಥಳೀಯರೇ ಬೀದಿಗಿಳಿದರು. ಮನೆಗಳೆಲ್ಲ ದಿನಬಾಡಿಗೆಗೆ ಹೋಗುತ್ತಿವೆ, ನಮಗೆ ವಾಸಕ್ಕೆ ಮನೆ ಸಿಗುತ್ತಿಲ್ಲ ಎಂಬುದು ಅವರ ದೂರು. ಸಾಂಟಾನ ಊರಿನಲ್ಲಿ ಸಾಂಟಾನಿಂದಲೇ ಮನೆ ಬಾಡಿಗೆ ಏರಿತು! ಪೆನೆಡೊ ಅದರ ಮುಂದೆ ತುಂಬಾ ಚಿಕ್ಕದು. ದಾರಿ ಮಾತ್ರ ಅದೇ.

ಶನಿವಾರದ ಕುಣಿತ

ಹಾಗಾದರೆ ನಿಜವಾಗಿ ಉಳಿದದ್ದು ಏನು? ಭಾಷೆ ಹೆಚ್ಚು ಉಳಿಯಲಿಲ್ಲ. ಅದಕ್ಕೆ ಬಯ್ಯಬೇಕಾದದ್ದು ಪ್ರವಾಸಿಗಳನ್ನಲ್ಲ. 1930ರ ದಶಕದ ಕೊನೆಯಲ್ಲಿ ಬ್ರೆಜಿಲ್ ಸರ್ಕಾರ ವಲಸಿಗರ ಭಾಷೆಯ ಶಾಲೆಗಳ ಮೇಲೆ ಬಿಗಿ ಹಾಕಿತು. ಎಲ್ಲರೂ ಪೋರ್ಚುಗೀಸ್ ಕಲಿಯಬೇಕು. ಹೆಚ್ಚು ಪೆಟ್ಟು ತಿಂದವರು ಜರ್ಮನ್, ಇಟಾಲಿಯನ್, ಜಪಾನಿ ಮಾತಾಡುವವರು. ಮುನ್ನೂರು ಜನರ ಭಾಷೆಗೆ ಸರ್ಕಾರದ ಪೆಟ್ಟೇ ಬೇಕಿಲ್ಲ. ಮಕ್ಕಳು ಹೊರಗೆ ಮದುವೆಯಾದರೆ ಸಾಕು. ಮೂರನೇ ತಲೆಮಾರಿಗೆ ಅಜ್ಜಿಯ ಬೈಗುಳ, ತಿಂಡಿಗಳ ಹೆಸರು ಉಳಿದರೆ ಅದೇ ಹೆಚ್ಚು. ಮುಂಬೈ, ದೆಹಲಿಯ ಕನ್ನಡ ಮನೆಗಳಲ್ಲಿ ಈ ಕಥೆ ಗೊತ್ತಿಲ್ಲದವರು ಯಾರು?

ಉಳಿದದ್ದರಲ್ಲಿ ಒಂದು, ಏವಾ ಹಿಲ್ಡೆನ್ ಎಂಬ ಹೆಣ್ಣುಮಗಳ ಹೆಸರಿನ ಮ್ಯೂಸಿಯಂ. ಕೊಠಡಿ ದೊಡ್ಡದಲ್ಲ. ಒಳಗಿರುವುದು ಮನೆಬಳಕೆಯ ಸಾಮಾನು, ನೇಯ್ಗೆ, ಫೋಟೊಗಳು, ಕಾಗದಪತ್ರ. ಚಾಕೊಲೇಟ್ ಅಂಗಡಿಯ ಮುಂದಿರುವಷ್ಟು ಜನ ಇಲ್ಲಿ ಸಾಲು ನಿಲ್ಲುವುದಿಲ್ಲ.

ಇನ್ನೊಂದು ಫಿನ್ಲಾಂಡಿಯಾ ಕ್ಲಬ್ಬಿನ ಶನಿವಾರದ ಕುಣಿತ. ಆಶ್ರಮ ಮುರಿದ ಮೇಲೂ ವಾರಕ್ಕೊಮ್ಮೆ ಸೇರುವ ಅಭ್ಯಾಸ ಮುರಿಯಲಿಲ್ಲ. ಅಲ್ಲಿ ಪೋಲ್ಕಾ, ಯೆಂಕ್ಕಾ, ವಾಲ್ಟ್ಸ್ ನಡೆದುಕೊಂಡು ಬಂದಿವೆ. ಊರಿನ ಜನಪದ ನೃತ್ಯ ತಂಡದ ಹೆಸರು ಇವತ್ತಿಗೂ ಫಿನ್ನಿಶ್‌ನಲ್ಲೇ ಇದೆ. ಕುಣಿಯುವವರಲ್ಲಿ ಮಾತ್ರ ಫಿನ್ನಿಶ್ ಅಜ್ಜ-ಅಜ್ಜಿ ಇಲ್ಲದವರೂ ಇದ್ದಾರೆ. ಯಾರೋ ಸಿಲ್ವಾ, ಯಾರೋ ಸೋಜಾ ಪಟ್ಟೆ ಲಂಗ ಉಟ್ಟು ಯೆಂಕ್ಕಾದ ಹೆಜ್ಜೆ ಹಾಕುತ್ತಾರೆ. ಒಂದು, ಎರಡು, ಮೂರು, ಜಿಗಿತ. ಇದು ನಕಲಿಯೇ? ನನಗಂತೂ ಸಾಂಟಾನ ಕೋಟಿಗಿಂತ ಇದೇ ಹೆಚ್ಚು ಅಸಲಿ ಅನ್ನಿಸುತ್ತದೆ. ಕೋಟು ಹಾಕಿಕೊಂಡು ಕೂತರೆ ಸಾಕು. ಹೆಜ್ಜೆಯನ್ನು ಯಾರಿಂದಲಾದರೂ ಕಲಿಯಲೇಬೇಕು, ಮೈ ಬೆವರಬೇಕು.

ಕಾನೂನಿಗೆ ಕಟ್ಟಡ ಕಾಯುವುದು ಸುಲಭ, ಹೆಜ್ಜೆ ಕಾಯುವುದು ಕಷ್ಟ. ಆದರೂ ದಾರಿ ಇಲ್ಲದಿಲ್ಲ. 2000ದಲ್ಲಿ ಬ್ರೆಜಿಲ್ ಹೊಸ ಪದ್ಧತಿ ತಂದು ಕಸುಬು, ಹಬ್ಬ, ಹಾಡು-ಕುಣಿತ, ಜನ ಸೇರುವ ಜಾಗಗಳನ್ನೂ ರಾಷ್ಟ್ರದ ಪರಂಪರೆ ಎಂದು ದಾಖಲಿಸಲು ಶುರು ಮಾಡಿತು. 2020ರಲ್ಲಿ ಯುನೆಸ್ಕೊ ಫಿನ್‌ಲೆಂಡಿನ ಸೌನಾ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಹೋದದ್ದು ಯಾವುದೋ ಒಂದು ಹಳೇ ಸೌನಾ ಕಟ್ಟಡವಲ್ಲ, ಸೌನಾಕ್ಕೆ ಹೋಗುವ ರೂಢಿ. ಪೆನೆಡೊ ತನ್ನ ಶತಮಾನಕ್ಕೆ ಏನಾದರೂ ಅರ್ಜಿ ಹಾಕುವುದಾದರೆ ಬಣ್ಣದ ಮನೆಗಳನ್ನು ಬಿಟ್ಟು ನೀಲಗಿರಿ ವಾಸನೆಯ ಆ ಸೌನಾ, ಆ ಶನಿವಾರ, ಆ ಮಗ್ಗ ಇವನ್ನು ಮುಂದಿಡಲಿ. ಜೊತೆಗೆ ಕಾಫಿ ಕಾಲದ ಆ ದೊಡ್ಡಮನೆಯ ಪೂರ್ತಿ ಕಥೆಯನ್ನೂ, ಫಿನ್ನರಿಗಿಂತ ಮೊದಲಿನ ಪುಟಗಳ ಸಮೇತ.

ಒಂದು ವಿಷಯದಲ್ಲಿ ಮಾತ್ರ ಪ್ರವಾಸೋದ್ಯಮವನ್ನು ದೂರುವವರ ಜೊತೆ ನಾನಿಲ್ಲ. 'ಅತಿಥಿಗಳು ಬಂದು ಊರು ಕೆಟ್ಟಿತು' ಅನ್ನುವವರು ಹಿಂದಿನ ಲೆಕ್ಕ ಮರೆಯುತ್ತಾರೆ. ಕಿತ್ತಳೆ ಕೈಕೊಟ್ಟಾಗ ಊರನ್ನು ಉಳಿಸಿದ್ದೇ ಅತಿಥಿಗಳು. ಕೋಣೆ ಬಾಡಿಗೆಗೆ ಕೊಟ್ಟದ್ದು, ಸೌನಾ ಕಾಯಿಸಿ ದುಡ್ಡು ಇಸಿದುಕೊಂಡದ್ದು ಇವತ್ತಿನ ವ್ಯಾಪಾರಿಗಳಲ್ಲ, ಆ ಮೊದಲ ಫಿನ್ನರೇ. ಆದರೆ ಆಗ ಅತಿಥಿ ಮನೆಯೊಳಗೆ ಬರುತ್ತಿದ್ದ. ಯಜಮಾನಿಯ ಜೊತೆ ಊಟಕ್ಕೆ ಕೂರುತ್ತಿದ್ದ, ಅರ್ಥವಾಗದ ಭಾಷೆಯಲ್ಲಿ ಏನೋ ಕೇಳಿಸಿಕೊಳ್ಳುತ್ತಿದ್ದ. ರಾತ್ರಿ ಹೊಳೆಯ ತಣ್ಣೀರಿಗೆ ಬಿದ್ದು ಕಿರುಚುತ್ತಿದ್ದ. ಈಗಿನ ಅತಿಥಿ ಮಧ್ಯಾಹ್ನ ಬಂದು, ಫೋಟೊ ತೆಗೆಸಿಕೊಂಡು, ಚಾಕೊಲೇಟ್ ಡಬ್ಬಿ ಹಿಡಿದು, ಸಂಜೆಯ ಟ್ರಾಫಿಕ್ಕಿಗೆ ಮೊದಲೇ ಹೆದ್ದಾರಿ ಹಿಡಿಯುತ್ತಾನೆ. ಅಷ್ಟೊತ್ತಿಗೆ ಸೌನಾದ ಕಲ್ಲು ಇನ್ನೂ ಕಾದಿರುವುದೇ ಇಲ್ಲ.